ಭಾನುವಾರದ ಗ್ರೀಕ್ ತತ್ವಶಾಸ್ತ್ರ ತರಗತಿ, ಶಿವಮೊಗ್ಗ: ಸೇರಬಹುದು, ಆದರೆ ಕೊನೆಯ ಪಾಠ ಜೋಪಾನ

ದುರ್ಗಿಗುಡಿ ಕಡೆ ಭಾನುವಾರ ಬೆಳಿಗ್ಗೆ ನಡೆಯುವ ಈ ತರಗತಿಯಲ್ಲಿ ಪ್ಲೇಟೊ, ಅರಿಸ್ಟಾಟಲರನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ ಕನ್ನಡದಲ್ಲಿ ಚರ್ಚಿಸುತ್ತಾರೆ. ಮನುಷ್ಯನ ವಿಚಾರಶಕ್ತಿ ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದೊಂದೇ ವಿಷಯ. ಹೈಸ್ಕೂಲಿನ ರೇಖಾಗಣಿತ ನೆನಪಿದ್ದರೆ ಸಾಕು.

ಕೊಟ್ಟ ಶುಲ್ಕ ಸಾರ್ಥಕವಾಗುವುದು ಪ್ಲೇಟೊನ ‘ಮೆನೊ’ ಸಂವಾದದ ಪಾಠದಲ್ಲಿ. ಬೋರ್ಡಿನ ಮೇಲೆ 2 ಅಡಿ ಬದಿಯ ಚೌಕ. ವಿಸ್ತೀರ್ಣ 4 ಚದರಡಿ. ಇದರ ಎರಡರಷ್ಟು ದೊಡ್ಡ ಚೌಕಕ್ಕೆ ಬದಿ ಎಷ್ಟು? ಸಂವಾದದ ಗುಲಾಮ ಹುಡುಗ 4 ಅನ್ನುತ್ತಾನೆ, 16 ಚದರಡಿ ಆಗುತ್ತದೆ. 3 ಅನ್ನುತ್ತಾನೆ, 9 ಆಗುತ್ತದೆ. ಗೊತ್ತಿದೆ ಎಂಬ ಭ್ರಮೆ ಕಳಚುವ ತನಕ ಮೇಷ್ಟ್ರು ಕರ್ಣ ಎಳೆಯುವುದಿಲ್ಲ. ಸರಿಯಾದ ಕ್ರಮ ಅದೇ. ಮೊದಲೇ ಎಳೆದರೆ ಉಳಿಯುವುದು ಬರೀ ಸೂತ್ರ. ಆ ಕರ್ಣವೇ 8 ಚದರಡಿಯ ಚೌಕದ ಬದಿ. ಅದರ ಉದ್ದವನ್ನು ಪೂರ್ಣಾಂಕದಲ್ಲಾಗಲಿ ಭಿನ್ನರಾಶಿಯಲ್ಲಾಗಲಿ ಹೇಳಲಾಗದು. ಅದಕ್ಕೇ ಸಾಕ್ರೆಟೀಸ್, ಎಣಿಸಲು ಆಗದಿದ್ದರೆ ಗೆರೆಯನ್ನಾದರೂ ತೋರಿಸು ಅನ್ನುತ್ತಾನೆ. ವಿಚಾರದ ಬಲ, ಮಿತಿ ಎರಡೂ ಒಂದೇ ಚಿತ್ರದಲ್ಲಿ! ಹುಡುಗನಿಗೆ ಸದ್ಯ ದಕ್ಕಿದ್ದು ಸರಿಯಾದ ಅಭಿಪ್ರಾಯ ಮಾತ್ರ, ಮತ್ತೆ ಮತ್ತೆ ಪ್ರಶ್ನಿಸಿದರೆ ಅದು ಜ್ಞಾನವಾದೀತು ಎಂಬ ಎಚ್ಚರಿಕೆಯನ್ನೂ ಮೇಷ್ಟ್ರು ಬಿಡುವುದಿಲ್ಲ.

ಅರಿಸ್ಟಾಟಲನ ನೀತಿಶಾಸ್ತ್ರಕ್ಕೆ ಅಡಿಕೆ ತೋಟದ ಉದಾಹರಣೆ ಚೆನ್ನಾಗಿ ಒಗ್ಗಿದೆ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಇದನ್ನು ಯಾರಿಗಾದರೂ ಕಲಿಸಬಹುದು. ಮಳೆ ಬಿಟ್ಟ ಯಾವ ಹೊಳವಿನಲ್ಲಿ ಔಷಧಿ ಹೊಡೆಯಬೇಕು ಎಂಬುದು ಅನುಭವಕ್ಕಷ್ಟೇ ತಿಳಿಯುವಂಥದ್ದು. ಎಳೆಯರು ಗಣಿತದಲ್ಲಿ ನಿಪುಣರಾಗಬಹುದು, ವ್ಯವಹಾರ ವಿವೇಕ ಬರಲು ಕಾಲ ಬೇಕು ಎಂದು ಅವನು ಹೇಳಿದ್ದು ಇದನ್ನೇ.

ಕೊನೆಯ ಪಾಠದಲ್ಲಿ ಮಾತ್ರ ದಾರಿ ತಪ್ಪುತ್ತದೆ. ಪ್ರತಿ ರುಜುವಾತಿಗೂ ಇನ್ನೊಂದು ರುಜುವಾತು ಕೇಳುತ್ತ ಹೋದರೆ ಕೊನೆಯಿಲ್ಲದ ಸರಣಿ, ಇಲ್ಲವೇ ಸುತ್ತುವಾದ, ಇಲ್ಲವೇ ಬರೀ ಊಹೆ: ಸಂದೇಹವಾದಿಗಳ ಈ ಇಕ್ಕಟ್ಟನ್ನು ವಿವರಿಸಿ, ತರ್ಕ ಇಲ್ಲಿಗೆ ಮುಗಿಯಿತು, ಇನ್ನು ನಂಬಿಕೆಯೇ ಗತಿ ಎಂದು ಮುಗಿಸಿಬಿಡುತ್ತಾರೆ. ಆ ಸಂದೇಹವಾದಿಗಳಲ್ಲೊಬ್ಬನಾದ ಸೆಕ್ಸ್ಟಸ್ ಎಂಪಿರಿಕಸ್ ಹಾಗೆ ಹೇಳುವುದಿಲ್ಲ. ತೀರ್ಪನ್ನು ತಡೆಹಿಡಿದು ಹುಡುಕಾಟ ಮುಂದುವರಿಸು ಅನ್ನುತ್ತಾನೆ. ಎಲ್ಲ ಜ್ಞಾನವೂ ರುಜುವಾತಿನಿಂದಲೇ ಬರಬೇಕಿಲ್ಲ ಎಂದು ಅರಿಸ್ಟಾಟಲ್ ಅವನಿಗಿಂತ ಎಷ್ಟೋ ಮೊದಲೇ ವಾದಿಸಿದ್ದ. ಪ್ಲೇಟೊನ ‘ಫೀಡೊ’ ಸಂವಾದದಲ್ಲಂತೂ ಸಾಕ್ರೆಟೀಸ್, ನೆಚ್ಚಿದ ಕೆಲವು ವಾದಗಳು ಕುಸಿದವೆಂದು ವಾದವನ್ನೇ ದ್ವೇಷಿಸುವುದು ದೊಡ್ಡ ಕೇಡು ಅನ್ನುತ್ತಾನೆ. ಆ ಪುಟಗಳು ಪಠ್ಯದಲ್ಲೇ ಇಲ್ಲ. ಸೇರಿಸಲೇಬೇಕು.

ಜೆರಾಕ್ಸ್ ಹಾಳೆಗಳಲ್ಲಿ ಅಂಚಿನ ಸಂಖ್ಯೆ ಕತ್ತರಿಸಿಹೋಗಿದೆ. ಪ್ಲೇಟೊ ಕೃತಿಗಳ 1578ರ ಸ್ಟೆಫಾನಸ್ ಆವೃತ್ತಿಯ ಈ ಪುಟಸಂಖ್ಯೆಗಳಿಲ್ಲದೆ ಬೇರೆ ಬೇರೆ ಅನುವಾದ ಹಿಡಿದವರು ಒಂದೇ ಸಾಲಿಗೆ ಬರುವುದು ಕಷ್ಟ. ಚೌಕದ ಭಾಗ 82ರಿಂದ 85, ‘ಫೀಡೊ’ದ ಮಾತು 89ರಿಂದ 91, ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಹೋಗಿ. ತಗಡಿನ ಮಾಡಾದ್ದರಿಂದ ಮಳೆಗಾಲದ ತಂಡಕ್ಕೆ ಸೇರುವವರು ಮುಂದಿನ ಬೆಂಚು ಹಿಡಿಯುವುದು ಒಳ್ಳೆಯದು.