ಮೊದಲ ಡೀಸೆಲ್ ಲೋಕೊಗಳಲ್ಲಿ (ರೈಲು ಎಳೆಯುವ ಗಾಡಿಗಳಲ್ಲಿ) ಯಾವುದರ ಮಾಡೆಲ್ ಮಾಡೋದು?

ಹೆಸರು ಬೇಕಾದರೆ 1912ರ ಸುಲ್ಜರ್ ಲೋಕೊ. ಇದರ ಎಂಜಿನ್ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾಗಿದ್ದು, ಡೀಸೆಲ್ ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ ಅವರೇ ಈ ಲೋಕೊ ಕೆಲಸದಲ್ಲಿ ಕೈಜೋಡಿಸಿದ್ದರು. ಸುಮಾರು 95 ಟನ್, ನೋಡೋಕೆ ಗಂಭೀರ. ಆದರೆ ಎಂಜಿನ್ನನ್ನು ನೇರವಾಗಿ ಚಕ್ರಕ್ಕೇ ಜೋಡಿಸಿದ್ದರು. ಚಕ್ರ ನಿಂತರೆ ಎಂಜಿನ್ನೂ ನಿಲ್ಲಬೇಕು, ಅಲ್ವಾ? ಹಾಗಾಗಿ ಪ್ರತಿ ಸಲ ಹೊರಡುವಾಗಲೂ ಒತ್ತಿ ತುಂಬಿಟ್ಟ ಗಾಳಿಯಿಂದ ಗಾಡಿಯನ್ನು ಮುಂದೆ ತಳ್ಳಿ, ಒಂದಷ್ಟು ವೇಗ ಬಂದ ಮೇಲೆಯೇ ಡೀಸೆಲ್ ಹೊತ್ತಿಸಬೇಕಿತ್ತು. ಹೆಚ್ಚು ದಿನ ಬಾಳಲಿಲ್ಲ.

1925ರ ಅಮೆರಿಕದ ಸಿಎನ್‌ಜೆ 1000 (ಸೆಂಟ್ರಲ್ ರೈಲ್‌ರೋಡ್ ಆಫ್ ನ್ಯೂಜೆರ್ಸಿ ಕಂಪನಿಯ ಲೋಕೊ) ಇದರ ಮುಂದೆ ಚಕ್ರ ಹಾಕಿದ ಪೆಟ್ಟಿಗೆ ಥರ. ಬರೀ 300 ಅಶ್ವಶಕ್ತಿ, 60 ಟನ್. ಇಲ್ಲಿ ಎಂಜಿನ್ ಜನರೇಟರ್ ತಿರುಗಿಸುತ್ತದೆ, ಆ ಕರೆಂಟಿನಿಂದ ಮೋಟಾರ್ ಚಕ್ರ ತಿರುಗಿಸುತ್ತದೆ, ಹಾಗಾಗಿ ನಿಂತಲ್ಲಿಂದ ಹೊರಡೋದು ಸಲೀಸು. ನ್ಯೂಯಾರ್ಕಿನ ಬ್ರಾಂಕ್ಸ್ ಯಾರ್ಡಿನಲ್ಲಿ 1957ರವರೆಗೂ ದುಡಿಯಿತು. ಇದನ್ನು ಮಾಡಿದವರಲ್ಲಿ ಅಮೆರಿಕದ ಲೋಕೊ ಕಂಪನಿ ಆಲ್ಕೊ ಕೂಡ ಒಂದು. ನಮ್ಮ ಭಾರತೀಯ ರೈಲ್ವೆಯ ಡೀಸೆಲ್ ಲೋಕೊ ಡಬ್ಲ್ಯುಡಿಎಂ-2 ಅದೇ ಕಂಪನಿಯ ವಿನ್ಯಾಸ!

ನಾನಾದರೆ ಸಿಎನ್‌ಜೆ ಮಾಡುತ್ತೇನೆ. ಚೌಕಾಕಾರ, ರಟ್ಟಿನಲ್ಲೂ ಆಗುತ್ತೆ. ಅಸಲಿ ಗಾಡಿ ಬಾಲ್ಟಿಮೋರ್ ಮ್ಯೂಸಿಯಂನಲ್ಲಿ ಇದೆ, ಅದರ ಫೋಟೊ ನೋಡಿಕೊಂಡು ಶುರು ಮಾಡಬಹುದು.