ಕಿಟಕಿಯಾಚೆ ಉದ್ಯಾನ: ಮೂರು ವರ್ಷದ ಬಾಡಿಗೆ ವಾಸ

ಮನೆ ತೋರಿಸಿದ ದಲ್ಲಾಳಿ "ಉದ್ಯಾನಕ್ಕೆ ಎರಡೇ ನಿಮಿಷ" ಎಂದಿದ್ದರು. ಬಾಲ್ಕನಿಯಲ್ಲಿ ನಿಂತರೆ ಮರಗಳು ಕೈಗೆಟಕುವಂತಿದ್ದವು, ಅನುಮಾನಿಸಲು ಕಾರಣವೇ ಕಾಣಲಿಲ್ಲ. ಒಪ್ಪಂದಕ್ಕೆ ಸಹಿ ಹಾಕಿ, ಸಾಮಾನು ಇಳಿಸಿ, ಮರುದಿನ ಬೆಳಿಗ್ಗೆ ಬೂಟು ಕಟ್ಟಿಕೊಂಡು ಹೊರಟಾಗ ಗೊತ್ತಾಯಿತು: ಉದ್ಯಾನ ನಮ್ಮ ಕಟ್ಟಡಕ್ಕೆ ಬೆನ್ನು ಹಾಕಿ ಕುಳಿತಿದೆ. ಗೋಡೆ ಅರವತ್ತು ಹೆಜ್ಜೆ ದೂರ. ಗೇಟು ಸುತ್ತು ಹಾಕಿ ಒಂಬತ್ತು ನಿಮಿಷ.

ನಗರಗಳ ಹಸಿರಿನ ಬಗ್ಗೆ ಸೆಸಿಲ್ ಕೊನೈನೆಂಡೈಕ್ ಎಂಬ ತಜ್ಞರು 2021ರಲ್ಲಿ ಮುಂದಿಟ್ಟ ‘3-30-300’ ಎಂಬ ಸೂತ್ರವಿದೆ. ಪ್ರತಿ ಮನೆಯಿಂದ ಕನಿಷ್ಠ 3 ಮರ ಕಾಣಬೇಕು, ಬಡಾವಣೆಯ ಶೇಕಡಾ 30ರಷ್ಟಾದರೂ ಮರಗಳ ನೆರಳಿನಲ್ಲಿರಬೇಕು, ಉದ್ಯಾನ 300 ಮೀಟರ್ ಒಳಗಿರಬೇಕು. ನಮ್ಮ ಮನೆ ನಕ್ಷೆಯಲ್ಲಿ ಪಾಸು, ಕಾಲ್ನಡಿಗೆಯಲ್ಲಿ ನಪಾಸು. ಆದ್ದರಿಂದ ಮನೆ ನೋಡಲು ಹೋದವರು ದಲ್ಲಾಳಿಯ ನಿಮಿಷಗಳನ್ನು ನಂಬದೆ, ಬಾಗಿಲಿನಿಂದ ಗೇಟಿನವರೆಗೆ ತಾವೇ ಒಮ್ಮೆ ನಡೆದು ನೋಡಲಿ.

ಇನ್ನು ಶಬ್ದ. ಮನೆ ನೋಡಿದ್ದು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿನಲ್ಲಿ ಎಂಥ ಆಟದ ಅಂಗಳವೂ ನಿದ್ದೆ ಮಾಡುತ್ತಿರುತ್ತದೆ. ಸಂಜೆ ಆರರಿಂದ ಬ್ಯಾಸ್ಕೆಟ್‌ಬಾಲ್ ಶುರುವಾಗುತ್ತದೆ. ಮಕ್ಕಳ ಕೂಗಾಟ ನನಗೆ ತೊಂದರೆಯೇ ಅಲ್ಲ, ಒಂದು ವಾರದಲ್ಲಿ ಕಿವಿ ಅದಕ್ಕೆ ಒಗ್ಗಿಕೊಂಡಿತು. ಸಹಿಸಲಾಗದ್ದು ಚೆಂಡು ನೆಲಕ್ಕೆ ಬಡಿಯುವ ಧಪ್ ಧಪ್. ಅದಕ್ಕೆ ತಾಳವಿಲ್ಲ, ನಿಂತಿತೆಂದು ಪುಸ್ತಕ ತೆರೆದ ಕೂಡಲೇ ಮತ್ತೆರಡು ಬಾರಿ ಬಡಿಯುತ್ತದೆ. ಕಿಟಕಿ ಮುಚ್ಚಿದರೆ ಮಾತುಗಳು ಮಾಯವಾಗುತ್ತವೆ, ಧಪ್ ಮಾತ್ರ ಉಳಿಯುತ್ತದೆ. ಇಂಥ ಮಂದ್ರ ಸ್ಥಾಯಿಯ ಶಬ್ದವನ್ನು ತಡೆಯುವುದು ಗಾಜಿಗೆ ಕಷ್ಟ. ಮರಗಳು ತಡೆಯುತ್ತವೆಂಬ ನಂಬಿಕೆ ನನಗೂ ಇತ್ತು. ಒಂದೆರಡು ಸಾಲು ಮರಗಳು ಆಟಗಾರರನ್ನು ಕಣ್ಣಿಗೆ ಮರೆ ಮಾಡುತ್ತವೆ, ಕಿವಿಗಲ್ಲ. ಬಯಲಿನಲ್ಲಿ ದೂರ ದುಪ್ಪಟ್ಟಾದರೆ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ನಿಜ; ಆದರೆ ಬಾಡಿಗೆದಾರ ಕಟ್ಟಡವನ್ನು ಹಿಂದಕ್ಕೆ ತಳ್ಳಲಾರ. ಕೊನೆಗೆ ಮಂಚವನ್ನು ಇನ್ನೊಂದು ಬದಿಯ ಚಿಕ್ಕ ಕೋಣೆಗೆ ಸಾಗಿಸಿದೆ. ನಡುವೆ ಎರಡು ಗೋಡೆ ಬಂದದ್ದೇ ಬಂತು, ನಿದ್ದೆಯೂ ಬಂತು.

ರಾತ್ರಿ ಒಂಬತ್ತೂವರೆಗೆ ಅಂಗಳದ ದೀಪ ಆರಿಸಬೇಕೆಂದು ಫಲಕವಿದೆ. ಆ ಫಲಕಕ್ಕೆ ಸ್ವಿಚ್ ಎಟುಕುವುದಿಲ್ಲ. ದಪ್ಪ ಪರದೆ ಹಾಕಿಕೊಂಡೆ. ವಾರಾಂತ್ಯದಲ್ಲಿ ಬರುವವರ ವಾಹನಗಳು ನಮ್ಮ ಪ್ರವೇಶದ್ವಾರಕ್ಕೇ ಅಡ್ಡ ನಿಲ್ಲುತ್ತವೆ, ಗಾಳಿಯ ದಿನಗಳಲ್ಲಿ ಎಲೆಗಳು ಬಾಲ್ಕನಿಯ ನೀರಿನ ಕಿಂಡಿಯನ್ನು ಮುಚ್ಚಿಬಿಡುತ್ತವೆ. ಇವು ಸಣ್ಣ ಕಿರಿಕಿರಿಗಳು. ಸೊಳ್ಳೆಯ ವಿಷಯದಲ್ಲಿ ಮಾತ್ರ ನಾನು ಉದ್ಯಾನದ ಕ್ಷಮೆ ಕೇಳಬೇಕು. ಮೊದಲ ವರ್ಷವಿಡೀ ಅಲ್ಲಿನ ಕೊಳವನ್ನು ಬೈದೆ. ಹಗಲಲ್ಲೇ ಕಚ್ಚುತ್ತಿದ್ದ, ಕಾಲಿಗೆ ಬಿಳಿ ಪಟ್ಟೆಯ ಈಡಿಸ್ ಸೊಳ್ಳೆಗಳು ಸಾಮಾನ್ಯವಾಗಿ ಹುಟ್ಟುವುದು ದೊಡ್ಡ ಕೊಳದಲ್ಲಲ್ಲ, ಸಣ್ಣ ಪಾತ್ರೆಗಳಲ್ಲಿ ನಿಂತ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಉದ್ಯಾನವನ್ನು ನೋಡಿ ಉಮೇದಿನಿಂದ ನಾನೇ ಇಟ್ಟಿದ್ದ ಹೂಕುಂಡಗಳ ಅಡಿತಟ್ಟೆಗಳು ಅವುಗಳ ಹೆರಿಗೆ ಮನೆಯಾಗಿದ್ದವು! ತಟ್ಟೆಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಲು ತೊಡಗಿದ ಮೇಲೆ ಕಾಟ ಬಹುಪಾಲು ತಗ್ಗಿತು.

ಇಷ್ಟೆಲ್ಲ ದೂರು ಓದಿದವರು ಮತ್ತೇಕೆ ಎರಡು ಸಲ ಒಪ್ಪಂದ ಮುಂದುವರಿಸಿದೆ ಎಂದು ಕೇಳಬಹುದು. ಮೊದಲ ತಿಂಗಳು ದಿನವೂ ಓಡಿದೆ, ಮೂರನೆಯ ತಿಂಗಳು ವಾರಕ್ಕೊಮ್ಮೆ. ಹೊಸ ಉತ್ಸಾಹದ ಆಯುಷ್ಯ ಎಲ್ಲರಿಗೂ ಅಷ್ಟೇ ಎಂದು ಕಾಣುತ್ತದೆ. ಆಮೇಲೆ ಓಟ ಬಿಟ್ಟು ನಡಿಗೆ ಹಿಡಿದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಬಿರುಸಿನ ವ್ಯಾಯಾಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಳಗೆ ಎರಡು ಸುತ್ತಿಗೆ ಇಪ್ಪತ್ತೆರಡು ನಿಮಿಷ. ಹೋಗಿ ಬರುವ ಹದಿನೆಂಟು ನಿಮಿಷ ಸೇರಿಸಿದರೆ ನಲವತ್ತು. ವಾರಕ್ಕೆ ನಾಲ್ಕು ದಿನ ಹೋದರೆ ಲೆಕ್ಕ ಸರಿಹೋಗುತ್ತದೆ. ನಾನು ಶಪಿಸಿದ ಆ ಸುತ್ತುದಾರಿ ಇಲ್ಲದಿದ್ದರೆ ಲೆಕ್ಕ ಸರಿಹೋಗುತ್ತಿರಲಿಲ್ಲ ಎನ್ನುವುದನ್ನು ದಲ್ಲಾಳಿಗೆ ಯಾರೂ ಹೇಳಬೇಡಿ.

ಕಳೆದ ವರ್ಷ ಮಣ್ಣಿನ ದಾರಿಯಲ್ಲಿ ಬೇರು ಎಡವಿ ಕಾಲು ಉಳುಕಿಸಿಕೊಂಡು ಮೂರು ವಾರ ಕಿಟಕಿಯ ಬಳಿ ಕುಳಿತಿದ್ದೆ. ಎದುರಿನ ಮರದಲ್ಲಿ ಒಂದು ಜೋಡಿ ಹಕ್ಕಿ ಗೂಡು ಕಟ್ಟುತ್ತಿತ್ತು. ತಂದ ಕಡ್ಡಿಗಳಲ್ಲಿ ಅರ್ಧದಷ್ಟನ್ನು ಕೆಳಗೆ ಬೀಳಿಸುತ್ತಿದ್ದವು, ಮತ್ತೆ ಹೋಗುತ್ತಿದ್ದವು. ಹೊತ್ತು ಹೋದದ್ದೇ ತಿಳಿಯಲಿಲ್ಲ. ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ನೆನಪಾಗುತ್ತಿತ್ತು: ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ನೋವಿನ ಬಲವಾದ ಔಷಧವನ್ನೂ ಕಡಿಮೆ ಪಡೆದಿದ್ದರು. ನನ್ನ ಕಾಲು ಬೇಗ ವಾಸಿಯಾಯಿತೋ ಇಲ್ಲವೋ, ಸಿಡುಕುತನವಂತೂ ಕಡಿಮೆಯಿತ್ತು.

ಮುಂದಿನ ತಿಂಗಳು ಒಪ್ಪಂದದ ಅವಧಿ ಮುಗಿಯುತ್ತದೆ. ಗೇಟಿಗೆ ಅಂಟಿಕೊಂಡ ಕಟ್ಟಡದಲ್ಲಿ ಅದೇ ಬಾಡಿಗೆಗೆ ಒಂದು ಮನೆ ಖಾಲಿಯಾಗಿದೆ. ಈ ಸಲ ಬುದ್ಧಿ ಬಂದಿತ್ತು, ಶನಿವಾರ ರಾತ್ರಿ ಎಂಟಕ್ಕೆ ಹೋಗಿ ನೋಡಿದೆ. ಚೆಂಡಿನ ಸದ್ದಿಲ್ಲ, ದೀಪದ ಕಾಟವಿಲ್ಲ, ಗೇಟಿಗೆ ನಿಜವಾಗಿಯೂ ಎರಡೇ ನಿಮಿಷ. ಕಿಟಕಿ ತೆರೆದರೆ ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಹಳೆಯ ಮನೆಯ ಮಾಲೀಕರಿಗೆ ಇನ್ನೊಂದು ವರ್ಷ ಇರುತ್ತೇನೆಂದು ತಿಳಿಸಿದ್ದೇನೆ.