ಈಜುಡುಗೆಯ ಹಳದಿ ಕಲೆ: ಒಂದೇ ಬಟ್ಟೆ, ನಾಲ್ಕು ಮದ್ದು

ನನ್ನ ತಿಳಿ ನೀಲಿ ಈಜುಡುಗೆಯ ಕೊರಳಂಚು, ಭುಜದ ಪಟ್ಟಿಗಳು ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಕೊಳದ ಕ್ಲೋರಿನ್ನೇ ಕಾರಣ ಅಂದುಕೊಂಡಿದ್ದೆ. ಹಾಗಿದ್ದರೆ ಇಡೀ ಬಟ್ಟೆ ಮಂಕಾಗಬೇಕಿತ್ತು, ಅಲ್ವಾ? ಕಲೆ ಇದ್ದದ್ದು ಸನ್‌ಸ್ಕ್ರೀನ್ ತಾಗುವ ಜಾಗದಲ್ಲಿ ಮಾತ್ರ. ಎಷ್ಟೋ ಸನ್‌ಸ್ಕ್ರೀನ್‌ಗಳಲ್ಲಿ ಅವೊಬೆನ್‌ಜೋನ್ ಎಂಬ ರಾಸಾಯನಿಕ ಇರುತ್ತದೆ. ನೀರಿನಲ್ಲಿರುವ ಕಬ್ಬಿಣದ ಅಂಶ ಅದಕ್ಕೆ ಸೇರಿದರೆ ತುಕ್ಕಿನಂಥ ಬಣ್ಣ ಬರುತ್ತದೆ.

ಇದು ಗೊತ್ತಾಗುವ ಮೊದಲೇ ಇನ್ನೊಂದು ಈಜುಡುಗೆಯನ್ನು ಬ್ಲೀಚ್‌ನಲ್ಲಿ ನೆನೆಸಿ ಕೆಡಿಸಿದ್ದೆ. ಕ್ಲೋರಿನ್ ಬ್ಲೀಚ್ ಈ ಕಲೆಯನ್ನು ಇನ್ನೂ ಗಾಢ ಮಾಡುತ್ತದೆ. ಬಟ್ಟೆ ಹಿಗ್ಗಲು ಕಾರಣವಾದ ಸ್ಪ್ಯಾಂಡೆಕ್ಸ್ ಎಳೆಗಳನ್ನೂ ತಿನ್ನುತ್ತದೆ. ಹಾಗಾಗಿ ಅದು ಈ ಸಲ ಪಂದ್ಯದಲ್ಲೇ ಇರಲಿಲ್ಲ.

ಮೊದಲು ಎಲ್ಲ ಕಲೆಗೂ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಬೆರಳಲ್ಲೇ ಉಜ್ಜಿದೆ. ಸನ್‌ಸ್ಕ್ರೀನ್‌ನ ಜಿಡ್ಡು ಹೋಗದಿದ್ದರೆ ಮುಂದೆ ಹಾಕುವುದೇನೂ ಒಳಗೆ ಇಳಿಯುವುದಿಲ್ಲ. ಜಿಡ್ಡು ಹೋಯಿತು, ಬಣ್ಣ ಹಾಗೇ ಇತ್ತು. ಆಮೇಲೆ ಒಂದೊಂದು ಜಾಗಕ್ಕೆ ಒಂದೊಂದು ಮದ್ದು.

ಎಡ ಭುಜಕ್ಕೆ ಅಡುಗೆ ಸೋಡಾದ ಪೇಸ್ಟ್. ವಾಸನೆ ಪೂರ್ತಿ ಹೋಯಿತು, ಕಲೆ ಕದಲಲಿಲ್ಲ. ಜೋರಾಗಿ ತಿಕ್ಕಿದ್ದಕ್ಕೆ ಬಟ್ಟೆ ಸ್ವಲ್ಪ ಜುಂಗು ಎದ್ದಿತು, ಅದು ನನ್ನದೇ ತಪ್ಪು.

ಬಲ ಭುಜಕ್ಕೆ ಬಿಳಿ ವಿನೆಗರ್, ಅಷ್ಟೇ ತಣ್ಣೀರು ಬೆರೆಸಿ ಅರ್ಧ ಗಂಟೆ. ಬಣ್ಣ ತುಸು ತಿಳಿಯಾಯಿತು. ಎರಡನೇ ಸಲ ಮಾಡಿದಾಗ ಇನ್ನೊಂದಿಷ್ಟು. ಪರವಾಗಿಲ್ಲ, ಆದರೆ ತಾಳ್ಮೆ ಬೇಕು.

ಕೊರಳಂಚಿಗೆ ಸಿಟ್ರಿಕ್ ಆಸಿಡ್, ಅಂದರೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ. ಇಪ್ಪತ್ತು ನಿಮಿಷ ಕಳೆದು ನೋಡಿದರೆ ಕಿತ್ತಳೆ ಬಣ್ಣ ತಿಳಿ ಹಳದಿಗೆ ಇಳಿದಿತ್ತು. ಇನ್ನೊಂದು ಸುತ್ತಿಗೆ ಹುಡುಕಿದರೆ ಮಾತ್ರ ಕಾಣುವಷ್ಟಾಯಿತು. ಕಾರಣ ಸರಳ: ಸಿಟ್ರಿಕ್ ಆಸಿಡ್ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆಯುತ್ತದೆ. ವಿನೆಗರ್ ಕೂಡ ಹುಳಿಯೇ, ಆದರೆ ಆ ಹಿಡಿತ ಅದಕ್ಕಿಲ್ಲ. ನಿಂಬೆರಸದಲ್ಲೂ ಇದೇ ಆಸಿಡ್ ಇದೆ. ಆದರೆ ರಸ ಹಚ್ಚಿ ಬಿಸಿಲಿಗೆ ಹಾಕಬೇಡಿ, ಬಟ್ಟೆಯ ಬಣ್ಣವೇ ಹೋಗಬಹುದು.

ಬೆನ್ನಿನ ಭಾಗಕ್ಕೆ ಆಕ್ಸಿಜನ್ ಬ್ಲೀಚ್ ಪುಡಿ. ನೀರಿಗೆ ಬಿದ್ದಾಗ ಇದು ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ. ಬೆವರಿನ ಮಂಕು ಚೆನ್ನಾಗಿ ತೊಳೆದುಹೋಯಿತು. ತುಕ್ಕು ಬಣ್ಣದ ಚುಕ್ಕೆಗಳಿಗೆ ಮಾತ್ರ ಏನೂ ಆಗಲಿಲ್ಲ. ಬಿಸಿ ನೀರಲ್ಲಿ ಇದು ಚುರುಕು ಜಾಸ್ತಿ, ಆದರೆ ಎಲಾಸ್ಟಿಕ್‌ಗೆ ಬಿಸಿ ಆಗಿಬರುವುದಿಲ್ಲ. ಅದಕ್ಕೇ ಉಗುರುಬೆಚ್ಚಗಿನ ನೀರಲ್ಲೇ ನಿಲ್ಲಿಸಿದೆ.

ಒಂದು ಮಾತು: ಕ್ಲೋರಿನ್ ಬ್ಲೀಚ್ ಮುಟ್ಟಿದ ಬಟ್ಟೆಗಾಗಲೀ ಟಬ್ಬಿಗಾಗಲೀ ವಿನೆಗರ್, ನಿಂಬೆ ಉಪ್ಪು ಸೇರಿಸಬೇಡಿ. ವಿಷದ ಗಾಳಿ ಏಳುತ್ತದೆ.

ಮರುದಿನ ಎರಡೂ ಭುಜಕ್ಕೆ, ಬೆನ್ನಿಗೆ ನಿಂಬೆ ಉಪ್ಪನ್ನೇ ಹಾಕಿದೆ. ಬಟ್ಟೆ ತಿಳಿಯಾಯಿತು. ಅಂಚಿನ ಬಿಳಿ ಹೊಲಿಗೆಯಲ್ಲಿ ಮಾತ್ರ ಹಳದಿ ಇನ್ನೂ ಹಟ ಹಿಡಿದು ಕೂತಿದೆ.